ಪರದೆಯ ಹಿಂದಿನ ಬಿಲ್ಲು

“ಒಳಗ ಬಿಲ್ಲು ಬಡ್ಯಾಕತ್ತವ್ರು ಯಾರ್ರಿ?”

ಆ ದನಿ ಕಿವಿಗೆ ಬಿದ್ದದ್ದೇ ತಡ, ಪರದೆಯ ಹಿಂದೆ ದಾವಲಬಿಯ ಕೈ ಎತ್ತಿದಲ್ಲೇ ನಿಂತಿತು. ಬಿಲ್ಲಿನ ತಂತಿ ಇನ್ನೂ ಗುಂಯ್ ಎನ್ನುತ್ತಿತ್ತು. ಅದನ್ನು ಅಂಗೈಯಿಂದ ಒತ್ತಿ ಸುಮ್ಮನಾಗಿಸಿದಳು. ಎದೆಯ ಬಡಿತವನ್ನು ಮಾತ್ರ ಹಾಗೆ ಒತ್ತಿ ಹಿಡಿಯಲು ಆಗಲಿಲ್ಲ!

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಪಿಂಜಾರ ಮಲ್ಲಿಕಸಾಬನ ಅಂಗಡಿ ಎಲ್ಲರಿಗೂ ಗೊತ್ತು. ಗಾದಿ, ದಿಂಬು, ರಜಾಯಿಗಳಿಗೆ ಹತ್ತಿ ಹಿಂಜಿ ತುಂಬುವುದು ಅವರ ಮನೆತನದ ಕಸುಬು. ಆದರೆ ಮಲ್ಲಿಕಸಾಬನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಅಂದಿನಿಂದ ಅವನು ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ಅಂಗಡಿಯ ಮುಂದೆ ಕೂಡುತ್ತಿದ್ದ. ಒಳಗೆ ಹತ್ತಿ ಹಿಂಜುವ ಬಿಲ್ಲು ಹಿಡಿಯುತ್ತಿದ್ದವಳು ಮಗಳು ದಾವಲಬಿ.

ಪಿಂಜಾರರ ಮನೆಯ ಹೆಂಗಸರು ಹತ್ತಿ ಬಿಡಿಸಬಹುದು, ರಜಾಯಿ ಹೊಲಿಯಬಹುದು. ಬಿಲ್ಲು ಮಾತ್ರ ಗಂಡಸರದು. ಓಣಿಯವರಿಗೆ ಗುಟ್ಟು ಗೊತ್ತಿತ್ತೋ ಏನೋ, ಯಾರೂ ಬಾಯಿ ಬಿಟ್ಟಿರಲಿಲ್ಲ. ಹೊರಗಿನವರು ಕೇಳಿದರೆ ಮಲ್ಲಿಕಸಾಬನ ಬಳಿ ಒಂದು ಉತ್ತರ ಸಿದ್ಧವಿತ್ತು.

“ನಮ್ಮ ಅಣ್ಣನ ಮಗ. ಮಾತು ಬರೂದಿಲ್ಲರಿ ಅಂವಗ. ಮಂದೀನ ಕಂಡ್ರ ಅಂಜತಾನ.”

ಹೀಗೆ ಹೇಳುವಾಗ ಅವನು ಎಡಗೈಯಿಂದ ಗಡ್ಡ ಕೆರೆದುಕೊಳ್ಳುತ್ತಿದ್ದ. ಸುಳ್ಳು ಹೇಳುವಾಗೆಲ್ಲ ಅವನ ಗಡ್ಡ ಕೆರೆಯುತ್ತಿತ್ತು!

ದಾವಲಬಿ ಪರದೆಯ ತೂತಿನಲ್ಲಿ ಕಣ್ಣಿಟ್ಟಳು. ಹೊರಗೆ ನಿಂತಿದ್ದವನು ಉದ್ದನೆಯ ಆಳು. ಹೆಗಲ ಮೇಲೆ ಪಿಂಜಾರರ ಬಿಲ್ಲು. ಅವನು ಒಂದು ಹೆಜ್ಜೆ ಇಟ್ಟರೆ ತಂತಿ ತಾನೇ ಸಣ್ಣಗೆ ಮಿಡಿಯುತ್ತಿತ್ತು.

“ಮಾತು ಬರದಿದ್ರ ಏನಾತ್ರಿ, ಕೈ ಮಾತಾಡತೈತಿ,” ಎಂದನವನು. “ಕೈ ಭಾಳ ಛಲೋ ಐತಿ. ಆದ್ರ... ದಣದೈತಿ.”

ದಾವಲಬಿಗೆ ಮೈಯೆಲ್ಲ ಉರಿದಂತಾಯಿತು. ‘ಯಾರಿವ? ನನ್ನ ಕೈ ದಣಿದರೆ ಇವನಿಗೇನು?’

ಆದರೂ ಕಣ್ಣಂಚಿನಲ್ಲಿ ಯಾಕೋ ನೀರು ಬಂತು. ಅವಳ ಕೈ ದಣಿದಿದೆ ಎಂದು ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅವಳಿಗೆ ಅವಳೇ ಹೇಳಿಕೊಂಡಿರಲಿಲ್ಲ.

ಅವನ ಹೆಸರು ಗೌಸಮೊದ್ದೀನ, ಬೈರಿದೇವರಕೊಪ್ಪದವನು. ಊರೂರು ತಿರುಗಿ ಹತ್ತಿ ಹಿಂಜುವವನು. “ಕೆಲಸ ಐತೇನ್ರಿ?” ಎಂದು ಕೇಳಿದ. ಪರೀಕ್ಷೆಗೆಂದು ಮಲ್ಲಿಕಸಾಬ ಒಂದು ಹಿಡಿ ಅರಳೆ ಕೊಟ್ಟ. ಅವನು ಅಲ್ಲೇ ಕೂತು ಕಟ್ಟಿಗೆಯ ಕೊಡತಿಯಿಂದ ತಂತಿ ಬಡಿದ. ಎರಡು ಹಗುರ ಪೆಟ್ಟು, ಆಮೇಲೆ ಒಂದು ಭಾರದ್ದು. ಒಬ್ಬೊಬ್ಬ ಪಿಂಜಾರನದೂ ಒಂದೊಂದು ನಡೆ. ಒಮ್ಮೆ ಕೇಳಿದರೆ ದಾವಲಬಿ ಮರೆಯುವವಳಲ್ಲ.

“ನಾಳಿಂದ ಬರ್ರಿ,” ಅಂದುಬಿಟ್ಟ ಅಪ್ಪ!

---

“ಅಪ್ಪಾ, ಯಾರನ್ನರ ಕೇಳಿದ್ರೇನು? ಯಾವನೋ ದಾರ್ಯಾಗ ಹೋಗಾಂವ!”

“ಕೆಲಸ ಮಾಡೂ ಕೈ ಬೇಕಲ್ಲ ಮಗಳ.”

“ಕೆಲಸಕ್ಕ ಬಂದಾನೋ, ಅಂಗಡಿಗೇ ಬಂದಾನೋ?”

ಅವಳ ಅನುಮಾನಕ್ಕೆ ಕಾರಣವಿತ್ತು. ಓಣಿಯ ಆ ತುದಿಯಲ್ಲಿ ರಸೂಲಸಾಬನ ದೊಡ್ಡ ಗಾದಿ ಅಂಗಡಿ. ಅವನು ತನ್ನ ತಮ್ಮನಿಗೆ ದಾವಲಬಿಯನ್ನು ಕೇಳುತ್ತಲೇ ಇದ್ದ. “ಹುಡುಗಿ ನಮ್ಮ ಮನಿಗೆ, ಅಂಗಡಿ ನಮ್ಮ ಅಂಗಡಿಗೆ. ನಿನಗೂ ಆರಾಮ ಮಲ್ಲಿಕಣ್ಣಾ,” ಎನ್ನುತ್ತಿದ್ದ. ಹೆಣ್ಣು ಕೇಳಲು ಬಂದವನ ಕಣ್ಣು ಮಾತ್ರ ಅಂಗಡಿಯ ಜಂತಿ ಎಣಿಸುತ್ತಿತ್ತು. ಅಂದಿನಿಂದ ಹೊಸ್ತಿಲು ದಾಟಿದ ಯಾವ ಗಂಡಸನ್ನೂ ದಾವಲಬಿ ನಂಬಿದವಳಲ್ಲ.

ಮರುದಿನ ಗೌಸಮೊದ್ದೀನ ಬಂದ. ಮೊದಲು ಮಾಡಿದ ಕೆಲಸವೆಂದರೆ ತನ್ನ ಬಿಲ್ಲನ್ನು ಗೂಟಕ್ಕೆ ತೂಗುಹಾಕಿದ್ದು. ಆಮೇಲೆ ಹೊರಗಿನ ಕಲ್ಲಿನ ಮೇಲೆ ಕೂತ. ಕೂತೇ ಇದ್ದ!

ಅವಳು ನಸುಕಿನಲ್ಲಿ ಎದ್ದು ನೀರು ತಂದದ್ದನ್ನು ನೋಡಿದ. ಗಿರಾಕಿಗಳ ಗಂಟುಗಟ್ಟಿದ ಹಳೆಯ ಗಾದಿಗಳನ್ನು ಬಿಚ್ಚಿದ್ದನ್ನು ನೋಡಿದ. ಆ ಧೂಳು ಹತ್ತಿ ಬಡಿದು, ದಿಂಬು ಹೊಲಿದು, ರೊಟ್ಟಿ ತಟ್ಟಿ, ಅಪ್ಪನಿಗೆ ಉಣಬಡಿಸಿ, ಹೊತ್ತು ಇಳಿಯುವಾಗ ಕಣ್ಣುಜ್ಜಿಕೊಳ್ಳುತ್ತ ಗರಗದ ಹಂಜಿಗೆ ಕೂತದ್ದನ್ನೂ ನೋಡಿದ.

ಹಂಜಿ ಎಂದರೆ ನೂಲುವುದಕ್ಕೆ ಬೇಕಾದ ಹತ್ತಿಯ ಸಣ್ಣ ಸುರುಳಿ. ಖಾದಿಯ ಗಾಳಿ ಎದ್ದು, ಪೇಟೆಯಲ್ಲಿ ಬಿಳಿ ಟೊಪ್ಪಿಗಳು ಹೆಚ್ಚಿದ್ದ ಕಾಲವದು. ಧಾರವಾಡದ ಆಚೆಯ ಗರಗ ಎಂಬ ಊರಿನ ಹೆಂಗಸರು ಮನೆಮನೆಯಲ್ಲೂ ನೂಲುತ್ತಿದ್ದರು. ಅವರಿಗೆ ಹಂಜಿ ಹೋಗುತ್ತಿದ್ದದ್ದು ಈ ಅಂಗಡಿಯಿಂದ. ನಿಜ ಹೇಳಬೇಕೆಂದರೆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಹಂಜಿಯಿಂದಲೇ.

“ಏನ್ ನೋಡಾಕತ್ತೀರಿ?” ಪರದೆಯ ಹಿಂದಿನಿಂದಲೇ ಚುರುಕಾಗಿ ಕೇಳಿದಳು ದಾವಲಬಿ. ಅಣ್ಣನ ಮೂಕ ಮಗನ ಗುಟ್ಟು ಇವನ ಮುಂದೆ ಉಳಿಯುವುದಿಲ್ಲವೆಂದು ಅಷ್ಟರಲ್ಲಿ ಗೊತ್ತಾಗಿತ್ತು.

“ಹೊತ್ತು ಎಲ್ಲೆಲ್ಲಿ ಹೊಂಟೈತಿ ಅಂತ ನೋಡಾಕತ್ತೇನ್ರಿ.”

“ಹೊತ್ತು ಕೂತು ಹೊಂಟೈತಿ, ಕಲ್ಲಿನ ಮ್ಯಾಲ!”

ಅವನು ನಕ್ಕ. ಆ ನಗುವಿನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಅದೇ ಅವಳಿಗೆ ಹೆಚ್ಚು ಅನುಮಾನ ತಂದಿತು.

ಪಕ್ಕದ ಮನೆಯ ಹುಸೇನಬಿ ಚಿಗವ್ವ ಗೋಡೆಯ ಮೇಲಿಂದ ಕತ್ತು ಚಾಚಿದಳು.

“ಏ ಹುಡುಗಿ, ಅಂವ ಮನಿ ಅಳತಿ ತಗೋಳಾಕತ್ತಾನ, ನೋಡ್ಕೊ! ಪಿಂಜಾರ ಅಂತಾನ, ಬಿಲ್ಲು ಮುಟ್ಟವಲ್ಲ. ಹಂತಾವ ಯಾವ ಪಿಂಜಾರಬೇ?”

“ನನಗೂ ಅದಽ ಅನ್ನಸ್ತೈತಿ ಚಿಗವ್ವಾ.”

“ನೋಡಾಕ ಮಾತ್ರ ಛಲೋ ಅದಾನ, ಮೂಳ,” ಎಂದು ಚಿಗವ್ವ ಕತ್ತು ಒಳಗೆಳೆದುಕೊಂಡಳು.

---

ಆ ವಾರವೇ ಸಾವಕ್ಕ ಬಂದಳು. ಗರಗದ ನೂಲುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಧಾರವಾಡಕ್ಕೆ ಗಾಡಿ, ಅಲ್ಲಿಂದ ರೈಲು, ನಿಲ್ದಾಣದಿಂದ ನಡಿಗೆ. ಬಂದವಳೇ ಗಂಟು ಬಿಚ್ಚಿ ಹಂಜಿಗಳನ್ನು ಮಲ್ಲಿಕಸಾಬನ ಮುಂದೆ ಸುರುವಿದಳು.

“ನೋಡ್ರಿ ಸಾಹೇಬ್ರ. ಹಿಂದಿನ ಸಲ ಮಲ್ಲಿಗಿ ಹೂವಿನಂಗ ಇದ್ದೂ. ಈ ಸಲ ಬರೇ ಗಂಟು! ಎಳಿ ಎಳದ್ರ ಪಟಕ್ಕನ ಹರೀತೈತಿ. ನಮ್ಮ ಹೆಣ್ಮಕ್ಕಳು ದಿನಾ ಕೂತು ಹರದ ನೂಲು ಗಂಟಾಕೋಂತ ಕೂಡಬೇಕೇನು?”

“ಕೆಲಸ ಭಾಳ ಆತವ್ವಾ...”

“ಭಾಳ ಆದ್ರ ಬಿಡ್ರಿ. ಧಾರವಾಡದಾಗ ಪಿಂಜಾರರು ಇಲ್ಲೇನು? ಮುಂದಿನ ಅಮಾಸಿಗೆ ಒಂದು ಗಂಟು ಹಂಜಿ ಕೊಡ್ರಿ. ಛಲೋ ಇದ್ರ ನಿಮ್ಮ ಕೂಡನಽ ಇರತೇವಿ. ಇಲ್ಲಂದ್ರ ಇದಽ ಕಡೀದು.”

ಹೊರಟ ಸಾವಕ್ಕ ಕಲ್ಲಿನ ಮೇಲಿದ್ದ ಗೌಸಮೊದ್ದೀನನನ್ನು ಗುರುತಿದ್ದವಳಂತೆ ಒಮ್ಮೆ ನೋಡಿ ಹೋದಳು. ಮಲ್ಲಿಕಸಾಬ ಅವಳು ಸುರುವಿದ ಹಂಜಿಗಳನ್ನು ಎಡಗೈಯಿಂದ ಒಟ್ಟುಮಾಡಿದ. ಆಮೇಲೆ ಮೆಲ್ಲಗೆ ಅಂದ.

“ಗರಗದ ಕೆಲಸ ಹೋತಂದ್ರ... ರಸೂಲ ಹೇಳಿದ್ದಕ್ಕ ಹೂಂ ಅನ್ನೂದಽ ಆಗತೈತಿ ಮಗಳ. ನನ್ನ ಕೈಲಿ ಇನ್ನ ಆಗೂದಿಲ್ಲ.”

ದಾವಲಬಿ ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಲ್ಲು ಬಿಟ್ಟು, ಈ ಮನೆ ಬಿಟ್ಟು, ಜಂತಿ ಎಣಿಸುವವರ ಮನೆಗೆ...?

ಅದೇ ಹೊತ್ತಿಗೆ ಟಾಂಗಾದ ಯಮನಪ್ಪ ಹರಿದ ಗಾದಿಯೊಂದನ್ನು ತಲೆಯ ಮೇಲೆ ಹೊತ್ತು ಬಂದ. ಟಾಂಗಾದಲ್ಲಿ ಕೂರುವ ಮಂದಿಗೆ ಹಾಸುವ ಗಾದಿ. ಕುದುರೆಯ ವಾಸನೆ ಬೇರೆ.

“ಇದನ್ನೊಂದೀಟು ಬಿಚ್ಚಿ ಹಿಂಜಿ ಕೊಡ್ರಿ ಮಲ್ಲಿಕಣ್ಣ. ಮಂದಿ ಕುಂಡಿ ನೋಯ್ತಾವಂತ ಬೈತಾರು.”

ಮಲ್ಲಿಕಸಾಬ “ಇಟ್ಟು ಹೋಗು” ಎನ್ನುವಷ್ಟರಲ್ಲಿ ಕಲ್ಲಿನ ಮೇಲಿಂದ ಗೌಸಮೊದ್ದೀನ ಎದ್ದ.

“ಯಮನಪ್ಪಣ್ಣ, ಅಮಾಸಿ ತನಕ ಇಲ್ಲಿ ಹಳೇ ಗಾದಿ ಹಿಡಿಯೂದಿಲ್ಲ. ರಸೂಲಸಾಬರ ಅಂಗಡಿಗೆ ಒಯ್ರಿ.”

ರಸೂಲಸಾಬ!

ಆ ಹೆಸರು ಕೇಳಿದ್ದೇ ದಾವಲಬಿಗೆ ತಲೆ ತಿರುಗಿತು. ಯಮನಪ್ಪ ಗೊಣಗುತ್ತ ಹೋದದ್ದೇ ತಡ, ಸೆರಗು ತಲೆಗೆಳೆದುಕೊಂಡು ಪರದೆ ಸರಿಸಿ ಹೊರಗೇ ಬಂದಳು. ಇಬ್ಬರೂ ಎದುರುಬದುರು ನಿಂತು ಮಾತಾಡಿದ್ದು ಅದೇ ಮೊದಲು.

“ಬಂದ ಗಿರಾಕೀನ್ನ ತಿರುಗಿ ಕಳಸಾಕ ನೀವ್ಯಾರ್ರಿ? ಅದೂ ಅವ್ರ ಅಂಗಡಿಗೆ! ಅವರಽ ಕಳಿಸ್ಯಾರೇನು ನಿಮ್ಮನ್ನ?”

ಗೌಸಮೊದ್ದೀನ ಅವಳ ಮುಖ ನೋಡಲಿಲ್ಲ. ಹತ್ತಿಯ ಎಳೆಗಳು ಅಂಟಿಕೊಂಡಿದ್ದ, ಬೆರಳ ಸಂದಿನಲ್ಲಿ ಬೊಬ್ಬೆ ಎದ್ದ ಅವಳ ಕೈ ನೋಡಿದ.

“ಒಂದು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಈ ಅಂಗಡ್ಯಾಗ ನಿಮ್ಮ ಕೈ ಬಿಟ್ಟು ಬ್ಯಾರೆ ಯಾರಿಂದನೂ ಆಗದ ಕೆಲಸ ಯಾವುದೈತಿ?”

“ಎಲ್ಲಾ ನಾನಽ ಮಾಡತೇನಿ!”

“ಮಾಡತೀರಿ. ಅದಽ ತ್ರಾಸು. ಹಳೇ ಗಾದಿ ಯಾವ ಪಿಂಜಾರನೂ ಬಡೀತಾನ. ದಿಂಬು ನಿಮ್ಮ ಚಿಗವ್ವನೂ ಹೊಲೀತಾಳ. ಗರಗದ ಹಂಜಿ ನಿಮ್ಮ ಕೈಗಷ್ಟಽ ಬರತೈತಿ. ಬೆಳಿಗ್ಗಿ ಗಾಳಿ ಇರೂದಿಲ್ಲ, ಹತ್ತಿ ಹಾರೂದಿಲ್ಲ, ಕೈ ಹಗುರ ಇರತೈತಿ. ಅಂಥಾ ಹೊತ್ತು ಯಾವದಕ್ಕ ಕೊಡಾಕತ್ತೀರಿ? ಯಮನಪ್ಪನ ಗಾದಿಗೆ! ಎಲ್ಲಾ ಮುಗದು, ಕೈ ನಡಗಾಕತ್ತಿದ ಮ್ಯಾಲ, ಗಾಳಿ ಎದ್ದ ಹೊತ್ತಿನಾಗ ಹಂಜಿಗೆ ಕೂಡತೀರಿ. ಗಂಟು ಬರದ ಏನಾಗತೈತಿ?”

ದಾವಲಬಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ಸುಳ್ಳು ಹೇಳುತ್ತಿಲ್ಲವೆಂದು ಕೈಗೆ ಗೊತ್ತಾಗಿತ್ತು. ಮನಸ್ಸು ಮಾತ್ರ ಒಪ್ಪಲಿಲ್ಲ.

“ನಿಮಗೆಲ್ಲಿಂದ ಬಂತು ಈ ಶಾಣ್ಯಾತನ?”

“ಹೆಗಲ ಮ್ಯಾಲ ಹೊತ್ತು ತಿರಗಾವ್ರಿ ನಾನು. ಏನು ಹೊರಬೇಕು ಅನ್ನೂದಕ್ಕಿಂತ ಏನು ಬಿಡಬೇಕು ಅನ್ನೂದು ಲಗೂ ಗೊತ್ತಾಗತೈತಿ.”

---

ಮರುದಿನದಿಂದ ಬೆಳಗಿನ ಹೊತ್ತು ಹಂಜಿಗೆ ಮೀಸಲಾಯಿತು. ಹಿಂದಿನ ದಿನವೇ ಅರಳೆಯನ್ನು ಗೌಸಮೊದ್ದೀನ ಬಿಸಿಲಿಗೆ ಹಾಕಿ, ಬೀಜದ ಚೂರು ಆರಿಸಿ, ಬಟ್ಟೆ ಸುತ್ತಿ ಇಡುತ್ತಿದ್ದ. ನೀರು ತರುವ ಕೆಲಸವನ್ನೂ ಕೇಳದೆ ತೆಗೆದುಕೊಂಡ. ದಿಂಬುಗಳನ್ನು ಹುಸೇನಬಿ ಚಿಗವ್ವ ಬೈಯುತ್ತಲೇ ಹೊಲಿದಳು.

ಒಂದು ಮುಂಜಾನೆ ದಾವಲಬಿ ಒಳಗೆ ಬಂದಾಗ ಅವನು ಅವಳ ಬಿಲ್ಲಿನ ಹತ್ತಿರ ಮೊಣಕಾಲೂರಿ ಕೂತಿದ್ದ!

“ಇಲ್ಲೇನ್ ಕೆಲಸ ನಿಮಗ?”

“ಏನಿಲ್ಲರಿ... ಧೂಳು ಜಾಡಿಸಿದೆ.” ಅವನು ತಲೆತಗ್ಗಿಸಿಕೊಂಡು ಹೊರಗೆ ಹೋದ.

ಅಂದು ಬಿಲ್ಲು ಬೇರೆಯೇ ಆಗಿತ್ತು. ಕೊಡತಿ ತಾಗಿದರೆ ಸಾಕು, ಹತ್ತಿ ಮಂಜಿನಂತೆ ಮೇಲೆದ್ದು ಮೆಲ್ಲಗೆ ಇಳಿಯುತ್ತಿತ್ತು. ಮುಟ್ಟಿ ನೋಡಿದಳು. ಕುರಿಯ ನರದ ತಂತಿ, ಹೊಚ್ಚ ಹೊಸದಲ್ಲ, ಆದರೆ ತಂತಿಗೆ ಹೆಸರಾದ ಮಿರಜದ ಒಳ್ಳೇ ಮಾಲು.

“ಅಪ್ಪಾ, ಬಿಲ್ಲಿಗೆ ಬ್ಯಾರೆ ತಂತಿ ಹಾಕಸೀರೇನು?”

“ಹೂಂ... ಹಾಕಸೇನಿ.” ಅಪ್ಪ ಬೀದಿಯ ಕಡೆ ನೋಡುತ್ತ ಗಡ್ಡ ಕೆರೆದುಕೊಂಡ.

‘ಮತ್ತೆ ಸುಳ್ಳು! ಯಾರ ಹತ್ತಿರ ಸಾಲ ಮಾಡಿ ತಂದರೋ...’ ಕೆಲಸದ ಭರದಲ್ಲಿ ಮುಂದೆ ಕೇಳಲಿಲ್ಲ.

ದಿನ ಕಳೆದಂತೆ ಬುಟ್ಟಿಯಲ್ಲಿ ಹಂಜಿಗಳು ಬೆಳ್ಳಗೆ ಬೆಳೆದವು. ಒಂದರಲ್ಲೂ ಗಂಟಿಲ್ಲ! ಬಹಳ ಕಾಲದ ಮೇಲೆ ದಾವಲಬಿ ಕೆಲಸ ಮಾಡುತ್ತ ಗುನುಗಿದಳು. ಹೊರಗೆ ಹತ್ತಿ ಬಿಡಿಸುತ್ತಿದ್ದ ಕೈ ಆಗ ಸುಮ್ಮನಾಗುತ್ತಿತ್ತು. ಅದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಗುನುಗುವುದನ್ನು ಅವಳು ನಿಲ್ಲಿಸಲಿಲ್ಲ...

ಆದರೆ ಒಂದು ಮುಳ್ಳು ಉಳಿದಿತ್ತು. ಊಟವಾದ ಮೇಲೆ ಗೌಸಮೊದ್ದೀನ ಎಲ್ಲಿಗೋ ಮಾಯವಾಗುತ್ತಿದ್ದ. ರೈಲ್ವೆ ಕಾರ್ಖಾನೆಯ ಸಂಜೆಯ ಭೋಂಗಾ ಊದಿದ ಮೇಲೆಯೇ ಬರುತ್ತಿದ್ದದ್ದು. ಅವನ ಬಿಲ್ಲೋ, ಈಗ ಗೋಣಿ ಸುತ್ತಿಕೊಂಡು ಗೂಟದಲ್ಲೇ ತೂಗುತ್ತಿತ್ತು. ಅವನು ಅದನ್ನು ಬಿಚ್ಚಿದ್ದನ್ನೇ ಅವಳು ಕಾಣಲಿಲ್ಲ.

“ಎಲ್ಲಿ ಹೋಗತಾನ ಗೊತ್ತೈತೇನ ನಿಮ್ಮ ಶಾಣ್ಯಾ?” ಚಿಗವ್ವ ಗೋಡೆಯ ಮೇಲೆ ಪ್ರತ್ಯಕ್ಷಳಾದಳು. “ಓಣಿ ತುದೀಗೆ! ರಸೂಲನ ಅಂಗಡಿ ಹಿತ್ತಲ ಬಾಗಲಕ್ಕ! ನನ್ನ ಕಣ್ಣಲೆ ನೋಡೇನಿ.”

“ಸುಳ್ಳು ಹೇಳಬ್ಯಾಡ ಚಿಗವ್ವಾ...”

“ಹೋಗಿ ನೋಡ ಹಂಗಾರ!”

ಕೊಡ ಸೊಂಟಕ್ಕಿಟ್ಟುಕೊಂಡು ಅವಳು ನಡೆದಳು. ‘ಇರಲಿಕ್ಕಿಲ್ಲ... ಇರಬಾರದು...’

ರಸೂಲಸಾಬನ ಹಿತ್ತಲ ಗೋಡೆಯ ಪಕ್ಕ ಬಂದಾಗ ಒಳಗೆ ಬಿಲ್ಲಿನ ಸದ್ದು ಕೇಳಿತು. ಎರಡು ಹಗುರ, ಒಂದು ಭಾರ. ಎರಡು ಹಗುರ, ಒಂದು ಭಾರ.

ಬಿಲ್ಲು ಬೇರೆಯದು. ಕೈ ಅವನದೇ!

ಕೊಡ ಜಾರಿ ನೆಲಕ್ಕೆ ಬಿತ್ತು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಕಲ್ಲಿನ ಮೇಲೆ ಕೂತು ನೋಡಿದ್ದು, ಗಿರಾಕಿಗಳನ್ನು ಇಲ್ಲಿಗೆ ಅಟ್ಟಿದ್ದು, ಅವಳ ಅಂಗಡಿಯಲ್ಲಿ ಬಿಲ್ಲು ಮುಟ್ಟದೇ ಇದ್ದದ್ದು. ಅವಳನ್ನು ಹಂಜಿಯ ಮುಂದೆ ಕೂರಿಸಿ, ಉಳಿದ ಅಂಗಡಿಯನ್ನೇ ಓಣಿಯ ತುದಿಗೆ ಹೊತ್ತು ಹಾಕಿದ್ದ!

‘ಗುನುಗಿದೆನಲ್ಲ ನಾನು... ಇವನಿಗೆ ಕೇಳಲಿ ಅಂತ ಗುನುಗಿದೆನಲ್ಲ...’

---

ಮರುದಿನ ಅವನು ನೀರು ಹೊತ್ತು ಬಂದಾಗ ದಾವಲಬಿ ಹೊಸ್ತಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

“ಇನ್ನ ಬರಬ್ಯಾಡ್ರಿ.”

“ಯಾಕ್ರಿ?”

“ಯಾಕಂತ ರಸೂಲಸಾಬರ್ನ ಕೇಳ್ರಿ. ಮಧ್ಯಾಹ್ನ ಅವ್ರ ಬಿಲ್ಲು ಬಡೀತೀರಲ್ಲ, ನಿಮ್ಮ ಕೈ ನನಗ ಗೊತ್ತಾಗೂದಿಲ್ಲಂತ ತಿಳದ್ರೇನು?”

ಗೌಸಮೊದ್ದೀನನ ಮುಖದ ಬಣ್ಣ ಇಳಿಯಿತು. ಆದರೂ ವಿಚಿತ್ರವೆಂದರೆ, ತುಟಿಯಲ್ಲಿ ಸಣ್ಣ ನಗುವೊಂದು ಸುಳಿಯಿತು.

“ನನ್ನ ಕೈ... ಗುರುತ ಹಿಡದ್ರ್ಯಾ?”

“ನಗಬ್ಯಾಡ್ರಿ!”

“ನಡದದ್ದು ಏನಂದ್ರ...”

“ನಾ ಕೇಳೂದಿಲ್ಲ! ಅಂಗಡಿ ಬೇಕಾಗಿದ್ರ ಅವರ್ಹಂಗ ಮುಂದಿನ ಬಾಗಲಲೆ ಬರಬೇಕಿತ್ತು. ಹಿಂಗ ಒಳಗ ಬಂದು... ಮನಸಿನ ಒಳಗ ಬಂದು...” ಅವಳು ಮುಖ ತಿರುಗಿಸಿಕೊಂಡಳು.

ಅವನು ಕೊಡ ಇಳಿಸಿದ. ಗೂಟದಿಂದ ಗೋಣಿ ಸುತ್ತಿದ ಬಿಲ್ಲು ತೆಗೆದು ಹೆಗಲಿಗೇರಿಸಿದ.

“ಸಿಟ್ಟಿನಾಗ ನಾನು ಏನ್ ಹೇಳಿದ್ರೂ ಸುಳ್ಳಽ ಕೇಳಸ್ತೈತಿ. ಒಂದಽ ಮಾತು. ಅಮಾಸಿ ಸನ್ಯಾಕ ಬಂದೈತಿ. ಮದಲ ಹಂಜಿ ಮುಗಸ್ರಿ, ಆಮ್ಯಾಲ ಬೈರಿ.”

ಅವನು ಓಣಿಯಲ್ಲಿ ನಡೆದು ಹೋದ. ಅವನ ಹೆಜ್ಜೆಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಿತು ಅವಳಿಗೆ. ಏನೆಂದು ಮಾತ್ರ ತಿಳಿಯಲಿಲ್ಲ.

ಅವನ ಮೇಲಿನ ಸಿಟ್ಟಿನಿಂದಲೇ ಅವಳು ಹಂಜಿ ಮುಗಿಸಿದಳು. ಬೆಳಗಿನ ಹೊತ್ತನ್ನು ಬೇರೆ ಯಾವುದಕ್ಕೂ ಬಿಡಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ರಸೂಲಸಾಬ ಏದುಸಿರು ಬಿಡುತ್ತ ಬಂದ.

“ಮಲ್ಲಿಕಣ್ಣಾ, ಎಲ್ಲಿ ನಿಮ್ಮ ಆಳು? ಬರೂದಽ ಬಿಟ್ಟಾನ! ಮದವಿ ಮನ್ಯಾವ್ರ ಗಾದಿ ಎಲ್ಲಾ ಅರ್ಧಕ್ಕ ನಿಂತಾವು.”

ಪರದೆಯ ಹಿಂದಿನಿಂದ ದಾವಲಬಿಯ ದನಿ ಹರಿತವಾಗಿ ಬಂತು. “ನಿಮ್ಮ ಆಳು ಎಲ್ಲದಾನಂತ ನಮ್ಮನ್ನ ಕೇಳತೀರೇನು?”

“ನನ್ನ ಆಳು? ನನ್ನ ಆಳಾಗಿದ್ರ ಬಂಗಾರದಂಗ ಇಟ್ಕೊತಿದ್ದೆ! ಮಗಳ, ಅಂವ ಬಂದು ಏನಂದ ಗೊತ್ತೈತೇನು? ‘ನಮ್ಮ ಅಂಗಡಿ ಹಳೇ ಗಾದಿ ಅಮಾಸಿ ತನಕ ನೀವು ಮಾಡಿ ಕೊಡ್ರಿ, ಗಿರಾಕಿ ಮಾತ್ರ ನಮ್ಮವರಽ. ಅದರ ಬದ್ಲಿ ದಿನಾ ಮಧ್ಯಾಹ್ನ ಪಗಾರ ಇಲ್ಲದ ನಿಮ್ಮ ಹತ್ತಿ ಹಿಂಜತೇನಿ’ ಅಂದ. ಇಲ್ಲೇ ಇರೋ, ಡಬಲ್ ಪಗಾರ ಕೊಡತೇನಿ ಅಂದ್ರ, ಒಲ್ಲೆ ಅಂದ. ಮ್ಯಾಲ ನನಗಽ ಬುದ್ಧಿ ಹೇಳಿದ!”

“ಏನಂತ?” ಮಲ್ಲಿಕಸಾಬ ಕೇಳಿದ.

ರಸೂಲಸಾಬ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. “‘ಆ ಹುಡುಗೀನ್ನ ಕೇಳೂದಿದ್ರ ಹುಡುಗಿ ಸಲವಾಗಿ ಕೇಳ್ರಿ, ಅಂಗಡಿ ಸಲವಾಗಿ ಕೇಳಬ್ಯಾಡ್ರಿ’ ಅಂದ. ಹುಚ್ಚಿದ್ದಂಗ ಅದಾನ!” ಎನ್ನುತ್ತ ಅವನು ಹೊರಟುಹೋದ.

ಪರದೆಯ ಹಿಂದೆ ದಾವಲಬಿ ತುಂಬಿದ ಹಂಜಿಯ ಬುಟ್ಟಿಯ ಕಡೆ ತಿರುಗಿದಳು.

ಪಗಾರ ಇಲ್ಲದೆ... ಅವಳ ಬೆಳಗನ್ನು ಉಳಿಸಲು ತನ್ನ ಮಧ್ಯಾಹ್ನಗಳನ್ನು ಕೊಟ್ಟಿದ್ದ! ಅವಳು ಕೇಳಿಸಿಕೊಂಡ ಸದ್ದು ಸರಿಯಾಗಿಯೇ ಇತ್ತು. ಅದರ ಅರ್ಥವನ್ನು ಮಾತ್ರ ಅನುಮಾನ ಬರೆದಿತ್ತು.

ಬಿಲ್ಲನ್ನು ಹತ್ತಿರಕ್ಕೆ ಎಳೆದುಕೊಂಡಳು. ತಂತಿಯ ಮೇಲೆ ಬೆರಳು ಆಡಿಸಿದಳು. ಬೆರಳು ಥಟ್ಟನೆ ನಿಂತಿತು.

ಅವನು ಮೊದಲ ದಿನ ಬಂದಾಗ ಹೆಜ್ಜೆ ಹೆಜ್ಜೆಗೂ ಬಿಲ್ಲು ಮಿಡಿಯುತ್ತಿತ್ತು. ಹೋಗುವ ದಿನ... ಮಿಡಿಯಲೇ ಇಲ್ಲ!

“ಅಪ್ಪಾ!” ಅವಳು ಪರದೆಯನ್ನು ಕಿತ್ತಂತೆ ಸರಿಸಿದಳು. “ಖರೇ ಹೇಳ್ರಿ. ಗಡ್ಡ ಮುಟ್ಟಬ್ಯಾಡ್ರಿ. ಈ ತಂತಿ ಯಾರದು?”

ಮಲ್ಲಿಕಸಾಬನ ಎಡಗೈ ಅರ್ಧಕ್ಕೆ ಬಂದು ಇಳಿಯಿತು.

“ಅವನದಽ, ಮಗಳ. ನಿಂದು ಹರಿಯಾಕ ಬಂದಿತ್ತು. ಆಕೀಗೆ ಹೇಳಬ್ಯಾಡ್ರಿ, ಹೇಳಿದ್ರ ಹಚ್ಚಕೊಳ್ಳೂದಿಲ್ಲ ಅಂದ. ಖರೇನಽ ಹಚ್ಚಕೊಳ್ತಿರಲಿಲ್ಲ ನೀನು.”

---

ಅಮಾವಾಸ್ಯೆಯ ದಿನ ಯಮನಪ್ಪ ತಾನೇ ಟಾಂಗಾ ತಂದು ಹಂಜಿಯ ಗಂಟನ್ನು ಸ್ಟೇಷನ್ನಿಗೆ ಮುಟ್ಟಿಸಿದ. ಗಾದಿ ಮೆತ್ತಗಾಗಿತ್ತು.

“ಮಲ್ಲಿಕಣ್ಣ ಒಬ್ಬನಽ ಹೊಂಟಾನಂತ ತಿಳದಿದ್ದೆ. ನೀನೂ ಹೊಂಟೀಯೇನವಾ?”

“ಹೂಂ ಕಾಕಾ. ಇದು ನಾನಽ ಹೋಗೂ ಕೆಲಸ,” ಎಂದಳು ದಾವಲಬಿ.

ಧಾರವಾಡದಲ್ಲಿ ಇಳಿದು, ಎತ್ತಿನ ಗಾಡಿ ಮಾಡಿಕೊಂಡು ಗರಗ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಸಾವಕ್ಕನ ಮನೆಯ ಪಡಸಾಲೆಯ ತುಂಬ ಚರಕಗಳು. ಸಾವಕ್ಕ ಒಂದು ಹಂಜಿ ತೆಗೆದು ನೂಲಿಗೆ ಹಚ್ಚಿದಳು. ಎಳೆ ಬಂತು. ಬರುತ್ತಲೇ ಇತ್ತು. ಪಡಸಾಲೆಯ ಹೆಂಗಸರೆಲ್ಲ ತಮ್ಮ ಚರಕ ನಿಲ್ಲಿಸಿ ನೋಡಿದರು.

“ಹಾಲಿನ ಧಾರಿ ಇದ್ದಂಗ ಐತಿ! ಸಾಹೇಬ್ರ, ನಿಮ್ಮ ಅಣ್ಣನ ಮಗನ ಕೈ ತಣ್ಣಗಿರಲಿ.”

ಮಲ್ಲಿಕಸಾಬನ ಎಡಗೈ ಗಡ್ಡಕ್ಕೆ ಏರಿತು. ಅದಕ್ಕೂ ಮೊದಲೇ ದಾವಲಬಿ ಹೇಳಿಬಿಟ್ಟಳು.

“ಅಣ್ಣನ ಮಗ ಯಾರೂ ಇಲ್ಲರಿ. ಬಿಲ್ಲು ಹಿಡಿಯಾಕಿ ನಾನು.”

ಸಾವಕ್ಕ ಅವಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು.

“ನೂಲಾಕ ನಮಗ ಹಂಜಿ ಬೇಕಬೇ ಯವ್ವಾ, ಮೀಸಿ ಅಲ್ಲ. ಮುಂದಿನ ಅಮಾಸಿಗೂ ಇಂಥಾವಽ ಬೇಕು, ತಿಳೀತಿಲ್ಲೋ?” ಆಮೇಲೆ ಕಣ್ಣು ಕಿರಿದಾಗಿಸಿ ಅಂದಳು. “ಅಂದ್ರ, ಅಂವ ಹುಡಕ್ಕೊಂಡು ಹೋದ ಕೈ ನಿಂದಽ ಏನು?”

“ಯಾರು... ಹುಡಕ್ಕೊಂಡು?”

“ಬೈರಿದೇವರಕೊಪ್ಪದ ಪಿಂಜಾರ. ಇಲ್ಲಿ ಹತ್ತಿ ಹಿಂಜಾಕ ಬಂದಿದ್ದ. ನಿಮ್ಮ ಹಂಜಿ ನೋಡಿ, ಛಲೋದೊಂದು ಕೆಟ್ಟದ್ದೊಂದು ಎರಡೂ ಅಂಗೈಯಾಗ ಇಟ್ಕೊಂಡು ಕೂತುಬಿಟ್ಟ. ಎರಡೂ ಒಂದಽ ಕೈಯಾವಂತ ನಾನು ಹೇಳಿದ ಮ್ಯಾಲ, ಆ ಅಂಗಡಿ ಎಲ್ಲೈತಿ ಅಂತ ಕೇಳಕೊಂಡು ಹೋದ. ಈಗ ಮತ್ತ ಬಂದಾನ, ಹಿತ್ತಲದಾಗ ಅದಾನ. ಬಿಲ್ಲು ಐತಿ, ತಂತಿ ಇಲ್ಲ. ಹುಚ್ಚರಂಗ ಕೈಲೆ ಹತ್ತಿ ಬಿಡಸ್ಕೋಂತ ಕೂತಾನ!”

---

ಹಿತ್ತಲಿನ ಬೇವಿನ ನೆರಳಿನಲ್ಲಿ ಅವನು ಅವಳಿಗೆ ಬೆನ್ನು ಹಾಕಿ ಕೂತಿದ್ದ. ಪಕ್ಕದಲ್ಲಿ ಬರಿಯ ಬಿಲ್ಲು.

ಮರಳುವಾಗ ಅವನ ಊರಿಗೆ ಮುಟ್ಟಿಸಬೇಕೆಂದು ತಂದಿದ್ದ, ಸುರುಳಿ ಸುತ್ತಿದ ನರದ ತಂತಿಯನ್ನು ದಾವಲಬಿ ಸೆರಗಿನ ಗಂಟು ಬಿಚ್ಚಿ ಅವನ ಮುಂದಿನ ಹತ್ತಿಯ ಮೇಲೆ ಇಟ್ಟಳು.

ಗೌಸಮೊದ್ದೀನ ತಂತಿ ನೋಡಿದ. ತಲೆ ಎತ್ತಿ ಅವಳನ್ನು ನೋಡಿದ.

“ಹಂಜಿ?”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. “ಮುಗದಾವು. ಸಾವಕ್ಕ ಹಾಲಿನ ಧಾರಿ ಅಂದ್ಲು. ಇನ್ನ... ಬೈಯಾಕ ಬಂದೇನಿ.”

“ಬೈರಿ.”

“ಯಾಕ ಹೇಳಲಿಲ್ಲ? ರಸೂಲಸಾಬಗ ಬಿಟ್ಟಿ ದುಡದದ್ದು, ತಂತಿ ಕೊಟ್ಟದ್ದು, ನನ್ನ ಕೈ ಹುಡಕ್ಕೊಂಡು ಬಂದದ್ದು... ಒಂದನ್ನರ ಹೇಳಬಾರದಿತ್ತೇನು?”

“ಮದಲನೇ ದಿನಾನಽ ಹೇಳಿದ್ರ ಏನಂತಿದ್ರಿ?”

ಅವಳು ಯೋಚಿಸಿದಳು. “ಇಂವ ಅಂಗಡಿ ಮ್ಯಾಲ ಕಣ್ಣು ಹಾಕ್ಯಾನ ಅಂತಿದ್ದೆ.”

“ಅದಕ್ಕಽ ಹೇಳಲಿಲ್ಲ.” ಅವನು ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡ. “ಆ ಎರಡು ಹಂಜಿ ನೋಡಿದಾಗ ಅನ್ನಿಸಿತು, ಇಷ್ಟು ಛಲೋ ಕೈಗೆ ಏನೋ ತ್ರಾಸು ಐತಿ, ಯಾರೂ ನೋಡವಲ್ರು ಅಂತ. ಕೈ ನೋಡಾಕ ಬಂದೆ. ಆಮ್ಯಾಲ ನೀವು ಗುನಗಾಕತ್ತಿದ್ರಿ... ಕೈ ಅಷ್ಟಽ ನೋಡಿ ಹೋಗಾಕ ಆಗಲಿಲ್ಲ.”

ಬೇವಿನ ಎಲೆಗಳು ಸಣ್ಣಗೆ ಅಲುಗಿದವು. ದಾವಲಬಿಯ ಕೆನ್ನೆ ಬಿಸಿಯಾಯಿತು. ಸೆರಗು ಮುಂದಕ್ಕೆಳೆದುಕೊಂಡಳು, ಆದರೆ ಕಣ್ಣು ಮುಚ್ಚುವಷ್ಟಲ್ಲ.

“ನಿಮ್ಮ ಅಪ್ಪಾರು ಕಳಿಸಿದ್ರೇನು?” ಅವನು ಮೆಲ್ಲಗೆ ಕೇಳಿದ.

“ಇಲ್ಲ. ನಿಮ್ಮೂರಿಗೆ ತಾನು ಹೋಗಿ ಕರಕೊಂಡು ಬರ್ತೇನಿ ಅಂತ ಚಿಗವ್ವ ಅಂದಿದ್ಲು, ಈಗ ಅಪ್ಪನೂ ಹಿತ್ತಲಕ್ಕ ಬರ್ತೇನಿ ಅಂದ್ರು. ಬ್ಯಾಡ ಅಂದೆ.” ಅವಳು ತನ್ನ ಅಂಗೈ ನೋಡಿಕೊಂಡಳು. “ಬ್ಯಾರೆ ಯಾರಿಂದನೂ ಆಗದ ಕೆಲಸ ಮದಲ ಮಾಡಬೇಕು ಅಂತ ನೀವಽ ಕಲಿಸಿದ್ರಲ್ಲ... ಅದಕ್ಕ ನಾನಽ ಬಂದೆ.”

ಗೌಸಮೊದ್ದೀನ ಎದ್ದು ನಿಂತ. ತಂತಿಯನ್ನು ಕೈಗೆತ್ತಿಕೊಂಡು ಮತ್ತೆ ಅವಳ ಅಂಗೈಯಲ್ಲೇ ಇಟ್ಟ.

“ಇದು ನಿಮ್ಮ ಬಿಲ್ಲಿನದು. ನನಗ ಮಿರಜದಿಂದ ಇನ್ನೊಂದು ತರಿಸಿದ್ರಾತು. ಆದ್ರ ನನ್ನ ಮ್ಯಾಲ ಇನ್ನೂ ಸಂಶೆ ಐತೇನು?”

“ಐತಿ,” ಎಂದಳು ದಾವಲಬಿ, ಕಣ್ಣೊರೆಸಿಕೊಳ್ಳುತ್ತ. “ಹುಟ್ಟಿದ ಗುಣ, ಹೋಗೂದಿಲ್ಲ. ಇನ್ನ ಮುಂದ ಮನ್ಯಾಗ ಇಟ್ಕೊಂಡಽ ಸಂಶೆ ಪಡತೇನಿ.”

ಅವನು ನಕ್ಕ. ಈ ಸಲ ಆ ನಗುವಿನಲ್ಲಿ ಅವಳು ಏನನ್ನೂ ಹುಡುಕಲಿಲ್ಲ.

“ಗಾಡ್ಯಾಗ ಜಾಗಾ ಐತೇನ್ರಿ?”

“ಹಂಜಿ ಇಳದಾವು. ಎಲ್ಲಾ ಖಾಲಿ ಐತಿ... ಬರ್ರಿ.”